ಬಲಗೈ ಮಡಚಿದ ಚಳಿಗಾಲ

2023ರ ನವೆಂಬರ್ 11, ಶನಿವಾರ ಮಧ್ಯಾಹ್ನ, ಮಿಷಿಗನ್ ರಾಜ್ಯದ ಕ್ಯಾಂಟನ್‌ನಲ್ಲಿರುವ ನಮ್ಮ ಮನೆಯ ಗರಾಜಿನಲ್ಲಿ ದೀಪಾವಳಿಗೆ ಚಕ್ಕುಲಿ ಕರಿಯುತ್ತಿದ್ದಾಗ ಗ್ಯಾಸ್ ಹೊತ್ತಿಕೊಂಡಿತು. ನನ್ನ ಎರಡೂ ಕೈಗಳು, ಬಲಗೆನ್ನೆ ಮತ್ತು ಕತ್ತಿನ ಬಲಭಾಗ ಸುಟ್ಟವು. ಬೇರೆ ಯಾರಿಗೂ ಗಾಯವಾಗಲಿಲ್ಲ. ಆಗ ನನಗೆ ನಲವತ್ತೇಳು ವರ್ಷ.

ಗರಾಜಿನಲ್ಲಿ ಏಕೆ ಕರಿಯುತ್ತಿದ್ದಿರಿ ಎಂದು ಆಸ್ಪತ್ರೆಯಲ್ಲಿ ಬಹಳ ಜನ ಕೇಳಿದರು. ಇಲ್ಲಿನ ಮನೆಗಳಲ್ಲಿ ಅಡುಗೆಮನೆಗೆ ಬಾಗಿಲಿರುವುದಿಲ್ಲ. ಒಂದು ಬಾಣಲೆ ಎಣ್ಣೆ ಕಾದರೆ ಅದರ ವಾಸನೆ ಮಹಡಿಯ ಮೇಲಿನ ಕೋಟುಗಳಿಗೆ ಹತ್ತಿ ಇಡೀ ಚಳಿಗಾಲ ಬಿಡುವುದಿಲ್ಲ. ಹೊಗೆಯ ಅಲಾರಂ ಬೇರೆ ಕೂಗುತ್ತದೆ. ಹಾಗಾಗಿ ನಮ್ಮ ಸಬ್‌ಡಿವಿಷನ್ನಿನ, ಅಂದರೆ ನಮ್ಮ ಬಡಾವಣೆಯ, ಕನ್ನಡ, ತೆಲುಗು ಮನೆಗಳವರು ಹಬ್ಬದ ಕರಿಯುವ ಕೆಲಸವನ್ನೆಲ್ಲ ಗರಾಜಿಗೆ ಸಾಗಿಸಿದ್ದೇವೆ. ಕಾರು ಹೊರಗೆ, ಪ್ರೊಪೇನ್ ಸಿಲಿಂಡರಿನ ಒಲೆ ಒಳಗೆ. ಕಾರು ಹೋಗುವ ದೊಡ್ಡ ಬಾಗಿಲು ಪೂರ್ತಿ ಮೇಲೆ ಎತ್ತಿರಬೇಕು ಎಂಬುದು ಎಲ್ಲರಿಗೂ ಗೊತ್ತು.

ಆ ದಿನ ಗಾಳಿ ಇತ್ತು. ಒಲೆಯ ಉರಿ ನಿಲ್ಲುತ್ತಿರಲಿಲ್ಲ, ಒಣಗಿದ ಮೇಪಲ್ ಎಲೆಗಳು ಬಾಣಲೆಯ ಹತ್ತಿರ ಹಾರಿ ಬರುತ್ತಿದ್ದವು. ಚಳಿ ತಡೆಯಲಾಗುತ್ತಿಲ್ಲ ಎಂದು ನಾನು ಹೇಳಿದೆ. ನನ್ನ ಗಂಡ ನಾಗೇಂದ್ರ ಗೋಡೆಯ ಗುಂಡಿ ಒತ್ತಿ ಬಾಗಿಲು ಇಳಿಸಿದರು. ಸಿಲಿಂಡರಿಗೆ ಪೈಪು ಕೂಡುವ ಕಡೆ ಗ್ಯಾಸ್ ಸೋರುತ್ತಿತ್ತು ಎಂಬುದು ಆಮೇಲೆ ಅಗ್ನಿಶಾಮಕ ದಳದವರು ತಿಳಿಸಿದ ವಿಷಯ. ಸೋರಿದ್ದು ನೆಲದ ಮೇಲೆ ಹರಡಿಕೊಂಡಿತ್ತು. ನಾನೂ ಮಣೆ ಹಾಕಿಕೊಂಡು ನೆಲದ ಮೇಲೇ ಕೂತಿದ್ದೆ.

ನೆಲದಿಂದ ನೀಲಿ ಬೆಳಕು ಎದ್ದದ್ದು ನೆನಪಿದೆ. ಕೈಗಳಿಂದ ಮುಖ ಮುಚ್ಚಿಕೊಂಡೆ. ಮುಖ ಉಳಿದದ್ದು ಅದರಿಂದ. ಕೈ ಹೋದದ್ದೂ ಅದರಿಂದ. ಹಾಕಿಕೊಂಡಿದ್ದ ಪಾಲಿಯೆಸ್ಟರ್ ಫ್ಲೀಸ್ ಜಾಕೆಟ್ಟಿನ ತೋಳು ಕರಗಿ ಮಣಿಕಟ್ಟಿಗೆ ಅಂಟಿತು. ನಾಗೇಂದ್ರ ನನ್ನ ಕಂಕುಳಿಗೆ ಕೈ ಹಾಕಿ ಅಡುಗೆಮನೆಯೊಳಕ್ಕೆ ಎಳೆದು, ಸಿಂಕಿನ ನಲ್ಲಿಯ ಕೆಳಗೆ ನನ್ನ ಕೈಗಳನ್ನು ಹಿಡಿದು ನಿಂತರು. ಹತ್ತನೇ ತರಗತಿಯಲ್ಲಿದ್ದ ಮಗಳು ಅನಘಾ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ನಮ್ಮ ವಿಳಾಸವನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.

ಮೈಸೂರಿನ ಒಂದು ದಿನಪತ್ರಿಕೆಯ ಸುದ್ದಿಮನೆಯಲ್ಲಿ ಮದುವೆಗೆ ಮುಂಚೆಯೂ ಆಮೇಲೂ ಕೆಲವು ವರ್ಷ ಕೆಲಸ ಮಾಡಿದವಳು ನಾನು. ಈಗ ಇಲ್ಲಿಂದಲೇ ಕರಡು ತಿದ್ದುತ್ತೇನೆ, ಅನುವಾದ ಮಾಡುತ್ತೇನೆ. ಇಂಥ ಗಾಯವಾದವರು ಓದಲಿ ಎಂದು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಸುಟ್ಟಗಾಯದ ವಾರ್ಡಿನಲ್ಲಿ ಕನ್ನಡಿಗಳಿರಲಿಲ್ಲ. ಕಿಟಕಿಯ ಗಾಜಿನಲ್ಲಿ ಮುಖ ಕಾಣಬಾರದೆಂದು ನರ್ಸ್ ಸಂಜೆಯಾಗುವ ಮೊದಲೇ ಪರದೆ ಎಳೆಯುತ್ತಿದ್ದಳು. ಮುಖದ ಮೇಲಿನ ಪಟ್ಟಿ ತೆಗೆದ ದಿನ ಅನಘಾ ಬಂದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ.

"ಅಮ್ಮಾ, ಟರ್ನ್ ಅರೌಂಡ್."

"ಬೇಡ ಕಣೇ, ನಾಳೆ ನೋಡುವಂತೆ."

"ನೋ. ನೌ."

ತಿರುಗಿದೆ. ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ, ಗಣಿತದ ಲೆಕ್ಕ ನೋಡುವ ಹಾಗೆ ನೋಡಿದಳು. "ಯು ಲುಕ್ ಲೈಕ್ ಯು ಫೆಲ್ ಅಸ್ಲೀಪ್ ಅಟ್ ದ ಬೀಚ್. ಒನ್ಲಿ ಒನ್ ಸೈಡ್," ಎಂದಳು. ಆಮೇಲೆ ಹೊರಗೆ ಹೋಗಿ ಅತ್ತಳೆಂದು ನರ್ಸ್ ಹೇಳಿದ ಮೇಲೆ ಗೊತ್ತಾಯಿತು. ವಾಪಸ್ ಬಂದವಳು ಮಾತ್ರ ಸಾರನ್ನ ತಿನ್ನಿಸುವಾಗ, "ಓಪನ್. ಬಿಗ್ಗರ್," ಎಂದು ಜೋರು ಮಾಡುತ್ತಿದ್ದಳು.

ಸಾರನ್ನ ಕಳಿಸುತ್ತಿದ್ದವರು ಹಿಂದಿನ ಬೀದಿಯ ಸುಮಿತ್ರಾ ಆಂಟಿ, ಮೊಸರಿನ ಹಳೇ ಡಬ್ಬಿಗಳಲ್ಲಿ ತುಂಬಿಸಿ. ಒಂದು ದಿನ ಅವರೇ ಬಂದರು.

"ಇನ್ಮೇಲೆ ಯಾರೂ ಗರಾಜಲ್ಲಿ ಕರಿಯೋ ಹಾಗಿಲ್ಲ ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕ್ಬಿಟ್ಟಿದೀನಿ ಶೈಲಾ. ಎಲ್ರೂ ಕೈ ಮುಗಿಯೋ ಗೊಂಬೆ ಹಾಕಿದ್ರು."

"ಒಳ್ಳೇದಾಯ್ತಲ್ಲ ಆಂಟಿ."

"ಏನು ಒಳ್ಳೇದು! ನಮ್ಮೆಜಮಾನ್ರು ಓದಿ, ಹಾಗಾದ್ರೆ ನಿಪ್ಪಟ್ಟು ಎಲ್ಲಿ ಮಾಡ್ತೀಯ ಅಂದ್ರು. ಇವಳ ಕೈ ಹಿಂಗಾಗಿದೆ, ನಿಮಗೆ ನಿಪ್ಪಟ್ಟು ಅಂತ ಚೆನ್ನಾಗಿ ಬೈದೆ."

ನಕ್ಕಾಗ ಕೆನ್ನೆ ಎಳೆದು ನೋವಾಯಿತು. ಆದರೂ ಅದು ಬೆಂಕಿಯ ನಂತರದ ಮೊದಲ ನಗು.

ಸುಟ್ಟದ್ದು ಕೈಗಳ ಹಿಂಬದಿ, ಅಂಗೈ ಉಳಿದಿತ್ತು. ತೊಡೆಯಿಂದ ಚರ್ಮ ತೆಗೆದು ಅಲ್ಲಿಗೆ ಕಸಿ ಮಾಡಿದರು. ಹೊಸ ಚರ್ಮ ಗಾಯ ಮಾಯುತ್ತಾ ಬಿಗಿಯುತ್ತದೆ, ಬೆರಳು ಮಡಚಲು ಬಿಡುವುದಿಲ್ಲ. ಸರ್ಜನ್ ಚಿಕ್ಕ ವಯಸ್ಸಿನ ಹೆಂಗಸು, ಸುತ್ತಿ ಬಳಸಿ ಮಾತಾಡುವವಳಲ್ಲ. ಎಡಗೈ ಬಗ್ಗೆ ಚಿಂತೆಯಿಲ್ಲ, ಬಲಗೈ ಮುಷ್ಟಿ ಕಟ್ಟುತ್ತದೋ ಇಲ್ಲವೋ ಈಗಲೇ ಹೇಳಲಾರೆ ಎಂದಳು. ಆ ಚಳಿಗಾಲವಿಡೀ ನಮ್ಮ ಮನೆಯಲ್ಲಿ ಇದ್ದದ್ದು ಆ ಒಂದೇ ಪ್ರಶ್ನೆ. ಬಲಗೈ ಮಡಚದಿದ್ದರೆ ಪೆನ್ನು ಹಿಡಿಯಲಾಗದು, ಅನ್ನ ಕಲಸಲಾಗದು, ಕಾರಿನ ಸ್ಟಿಯರಿಂಗ್ ಹಿಡಿಯಲಾಗದು, ಮಗಳ ಜಡೆ ಹೆಣೆಯಲಾಗದು.

ನಾನಿನ್ನೂ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ಮೈಸೂರಿನಿಂದ ವಿಮಲಕ್ಕ, ನನ್ನ ಸ್ವಂತ ಅಕ್ಕ, ಫೋನ್ ಮಾಡಿದಳು. ಎರಡೂ ಕೈಗೆ ಬ್ಯಾಂಡೇಜ್ ಇದ್ದುದರಿಂದ ನಾಗೇಂದ್ರ ಸ್ಪೀಕರ್ ಹಾಕಿ ಫೋನನ್ನು ನನ್ನ ಮುಖದ ಹತ್ತಿರ ಹಿಡಿದಿದ್ದರು.

"ಶೈಲೂ, ಪಕ್ಕದಲ್ಲಿ ಯಾರೂ ಇಲ್ಲ ತಾನೆ?" ಎಂದಳು ಅಕ್ಕ. ನಾನು ಬಾಯಿ ತೆರೆಯುವುದರೊಳಗೆ ಮುಂದುವರಿಸಿದಳು. "ನನ್ನ ಹತ್ರ ನಿಜ ಹೇಳು. ಒಲೆ, ಗ್ಯಾಸು ಅಂತ ಎಲ್ರೂ ಹೇಳ್ತಾರೆ. ನಿಮ್ಮಿಬ್ಬರ ಮಧ್ಯೆ ಏನಾದ್ರೂ ಆಯ್ತಾ?"

"ವಿಮಲಕ್ಕಾ, ಫೋನ್ ಹಿಡ್ಕೊಂಡಿರೋದು ನಾನೇ," ಎಂದರು ನಾಗೇಂದ್ರ. "ಆಚೆ ಹೋಗ್ತೀನಿ. ನೀವಿಬ್ರೂ ಮಾತಾಡಿ." ಫೋನನ್ನು ದಿಂಬಿನ ಮೇಲಿಟ್ಟು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದರು.

"ಅಯ್ಯೋ ದೇವರೇ, ಇದೇನಾಗ್ಹೋಯ್ತೇ," ಎಂದು ಅಕ್ಕ ಅಳಲು ಶುರು ಮಾಡಿದಳು. ನಾನು ಅವಳಿಗೆ ಸಮಾಧಾನ ಹೇಳಬೇಕಾಯಿತು.

ಅಕ್ಕನನ್ನು ದೂರುವಂತಿಲ್ಲ. ಒಲೆ ಸಿಡಿದು ಗೃಹಿಣಿಗೆ ಗಾಯ ಎಂಬ ಒಂದು ಕಾಲಂ ಸುದ್ದಿಗಳನ್ನು ನಾನು ಎಷ್ಟೋ ತಿದ್ದಿದ್ದೇನೆ. ಪ್ರತಿ ಸಲವೂ ಸುದ್ದಿಮನೆಯಲ್ಲಿ ಯಾರಾದರೊಬ್ಬರು, ಗಂಡ ಎಲ್ಲಿದ್ದನಂತೆ ಎಂದು ಕೇಳುತ್ತಿದ್ದರು. ಎಷ್ಟೋ ಸಲ ಆ ಪ್ರಶ್ನೆ ಸರಿಯೇ ಆಗಿತ್ತು. ಇಲ್ಲಿನ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯೂ ನಾಗೇಂದ್ರರನ್ನು ಹೊರಗೆ ಕಳಿಸಿ, ಮನೆಯಲ್ಲಿ ನಿಮಗೆ ಯಾರದಾದರೂ ಭಯ ಇದೆಯಾ ಎಂದು ಕೇಳಿದ್ದಳು. ಎಲ್ಲರನ್ನೂ ಹಾಗೇ ಕೇಳುತ್ತಾರೆ. ಇಲ್ಲ ಎಂದು ನಾನು ಹೇಳಿದ್ದೆ.

ಆದರೆ ಆ ಫೋನಿನ ನಂತರ ನಾಗೇಂದ್ರ ಆಸ್ಪತ್ರೆಯೊಳಗೆ ಬರುವುದನ್ನು ಕಡಿಮೆ ಮಾಡಿದರು. ಮನೆಗೆ ಬಂದ ಮೇಲೆ ವಾರವಾರ ಕೈಯ ವ್ಯಾಯಾಮಕ್ಕೆ ಹೋಗಬೇಕಿತ್ತು. ನನ್ನನ್ನು ಬಾಗಿಲಲ್ಲಿ ಇಳಿಸಿ ಅವರು ಪಾರ್ಕಿಂಗ್‌ನಲ್ಲಿ ಕಾರಿನ ಹೀಟರ್ ಹಾಕಿಕೊಂಡು ಕೂರುತ್ತಿದ್ದರು.

"ಒಳಗೆ ಬನ್ನಿ, ಕಾಫಿ ಸಿಗುತ್ತೆ," ಎಂದು ಒಮ್ಮೆ ಕರೆದೆ.

"ಬೇಡ. ಇಲ್ಲೇ ಆಫೀಸ್ ಕಾಲ್ ಇದೆ."

"ಕಾಲ್ ಇಲ್ಲ ಅಂತ ನನಗೂ ಗೊತ್ತು. ನೀವೇನು ಬೇಕಂತ ಮಾಡಿದ್ರಾ?"

ಅವರು ಸ್ಟಿಯರಿಂಗ್ ನೋಡುತ್ತಾ ಹೇಳಿದರು. "ಕಾರಿನ ಪೆಟ್ರೋಲ್ ಟ್ಯಾಂಕು, ಪೈಪು, ಎಲ್ಲಿ ಸೋರುತ್ತೆ ಅಂತ ಹುಡುಕೋದಕ್ಕೆ ನನಗೆ ಸಂಬಳ ಕೊಡ್ತಾರೆ ಶೈಲಾ. ಮನೇಲಿ ಸಿಲಿಂಡರಿಗೆ ಒಂದು ಸಲ ಸೋಪ್ ನೀರು ಹಚ್ಚಿ ನೋಡ್ಲಿಲ್ಲ. ಮೇಲಿಂದ ಬಾಗಿಲು ಬೇರೆ ಇಳಿಸಿದೆ."

ಚಳಿ ಅಂದದ್ದು ನಾನು ಎಂದೆ. ಅದು ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ.

ವ್ಯಾಯಾಮ ಮಾಡಿಸುತ್ತಿದ್ದ ಥೆರಪಿಸ್ಟ್ ಕೆಲ್ಲಿ ಪ್ರತಿ ವಾರ ಬೆರಳ ತುದಿಗೂ ಅಂಗೈಗೂ ಇರುವ ಅಂತರವನ್ನು ಅಳೆಯುತ್ತಿದ್ದಳು. ಎಡಗೈ ಅಂತರ ಕಡಿಮೆಯಾಗುತ್ತಾ ಬಂತು. ಬಲಗೈ ಜನವರಿಯ ನಂತರ ನಿಂತಲ್ಲೇ ನಿಂತಿತು. ಮನೆಯಲ್ಲಿ ದಿನಕ್ಕೆ ಹಲವು ಸಲ ಬೇರೆಯವರು ಬೆರಳುಗಳನ್ನು ಒತ್ತಿ ಮಡಚಬೇಕು, ನೋವಾದರೂ ಬಿಡಬಾರದು ಎಂದು ಅವಳು ನಾಗೇಂದ್ರರಿಗೇ ತೋರಿಸಿಕೊಟ್ಟಿದ್ದಳು. ಅವರು ಒತ್ತುತ್ತಿದ್ದರು. ನನ್ನ ಹುಬ್ಬು ಗಂಟಾದ ತಕ್ಷಣ ಬಿಟ್ಟುಬಿಡುತ್ತಿದ್ದರು. "ಇವತ್ತಿಗೆ ಸಾಕು," ಎಂದು ಎದ್ದು ಹೋಗುತ್ತಿದ್ದರು. ಅನಘಾ ಮಾಡುತ್ತೇನೆಂದು ಬಂದಳು. ಮಗಳ ಮುಂದೆ ಕಿರುಚಲು ನಾನೇ ಒಪ್ಪಲಿಲ್ಲ.

ಫೆಬ್ರವರಿಯಲ್ಲಿ ಕೆಲ್ಲಿ ಅಳತೆಪಟ್ಟಿ ಕೆಳಗಿಟ್ಟು ಹೇಳಿದಳು: ಇನ್ನೊಂದು ತಿಂಗಳಲ್ಲಿ ಬೆರಳು ಮಡಚದಿದ್ದರೆ ಬಿಗಿದ ಚರ್ಮ ಕತ್ತರಿಸಿ ಮತ್ತೆ ಕಸಿ ಮಾಡಬೇಕು. ಮತ್ತೆ ತೊಡೆಯ ಚರ್ಮ, ಮತ್ತೆ ಮೊದಲಿನಿಂದ. ಹಾಗೆ ಮಾಡಿದರೂ ಸರಿಹೋಗುವುದು ಖಾತ್ರಿಯಿಲ್ಲ.

ಹೊರಗೆ ಬಂದು ಕಾಯುವ ಕೋಣೆಯಲ್ಲಿ ಕೂತೆ. ಆ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ದಿಟ್ಟಿಸುವುದಿಲ್ಲ, ತಪ್ಪಿಸುವುದೂ ಇಲ್ಲ. ಹೆಚ್ಚಿನವರ ಕೈಯಲ್ಲಿ ನನ್ನಂತೆಯೇ, ಗಾಯದ ಕಲೆ ಉಬ್ಬದಂತೆ ಒತ್ತಿ ಹಿಡಿಯುವ ಚರ್ಮದ ಬಣ್ಣದ ಬಿಗಿ ಗ್ಲೌಸ್. ವಾಲ್ಟರ್ ಅಲ್ಲಿದ್ದರು. ಹಳೆಯ ರೋಗಿಗಳು ಬಂದು ಹೊಸಬರ ಜೊತೆ ಮಾತಾಡುವ ಏರ್ಪಾಡು ಆ ಆಸ್ಪತ್ರೆಯಲ್ಲಿದೆ. ಗುರುವಾರ ಬರುತ್ತಿದ್ದವರು ಈ ವಾಲ್ಟರ್. ಗರಾಜಿನಲ್ಲಿ ನಡೆದದ್ದನ್ನೂ ನಾಗೇಂದ್ರರ ಕೆಲಸವನ್ನೂ ಅವರಿಗೆ ಆಗಲೇ ಹೇಳಿದ್ದೆ. ವಯಸ್ಸು ತೊಂಬತ್ತೊಂಬತ್ತು. ಎಪ್ಪತ್ತು ದಾಟಿದ ಮಗಳು ಡ್ರೈವ್ ಮಾಡಿ ಕರೆತರುತ್ತಿದ್ದಳು. ಎರಡನೇ ಮಹಾಯುದ್ಧದಲ್ಲಿ ಇಪ್ಪತ್ತರ ಹುಡುಗನಾಗಿ, ಇಟಲಿಯಿಂದ ಹಾರುತ್ತಿದ್ದ ಬಾಂಬರ್ ವಿಮಾನದಲ್ಲಿ ರೇಡಿಯೋ ಆಪರೇಟರ್ ಆಗಿದ್ದವರು. ಉರಿಯುವ ವಿಮಾನದಿಂದ ಹಾರಿಕೊಂಡವರು. ನಾಲ್ಕು ಎಂಜಿನ್ನಿನ ಅಂಥ ವಿಮಾನಗಳನ್ನು ಮಾಡುತ್ತಿದ್ದ ಕಾರ್ಖಾನೆ ನಮ್ಮ ಮನೆಯಿಂದ ಕೆಲವೇ ಮೈಲಿ ದೂರದಲ್ಲಿತ್ತು; ಅವರ ಅಕ್ಕ ಅಲ್ಲಿ ಲೋಹದ ಹಾಳೆಗಳಿಗೆ ರಿವೆಟ್ ಹೊಡೆಯುತ್ತಿದ್ದಳಂತೆ. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ಬರೆದುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನೆನಪಿನಿಂದ ಕನ್ನಡಕ್ಕೆ ತರುತ್ತಿದ್ದೇನೆ.

"ಇವತ್ತು ಮುಖ ಸರಿಯಿಲ್ಲ," ಎಂದರು ವಾಲ್ಟರ್.

"ಮುಖ ಸರಿಯಾಗಿದ್ದದ್ದು ಯಾವಾಗ?" ಎಂದೆ.

ಅವರು ನಗಲಿಲ್ಲ. "ಮನೆಯಲ್ಲಿ ನಿನ್ನ ಬೆರಳು ಒತ್ತುವವರು ಯಾರು?"

"ಗಂಡ."

"ಎಲ್ಲಿದ್ದಾನೆ?"

"ಕಾರಿನಲ್ಲಿ."

"ಕರಿ ಅವನನ್ನ. ನನಗೆ ಅಲ್ಲಿವರೆಗೆ ನಡೆಯಲಾಗುವುದಿಲ್ಲ. ಈ ವಯಸ್ಸಿನಲ್ಲಿ ಬಾತ್‌ರೂಮಿಗೆ ಹೋಗಿ ಬರುವುದೇ ಒಂದು ದಂಡಯಾತ್ರೆ."

ನಾಗೇಂದ್ರ ಬಂದರು. ಟೋಪಿ ತೆಗೆಯದೆ ಕುರ್ಚಿಯ ಅಂಚಿನಲ್ಲಿ ಕೂತರು. ವಾಲ್ಟರ್ ನನ್ನ ವಿಷಯವನ್ನೇ ಎತ್ತಲಿಲ್ಲ. ನೀನು ಪೆಟ್ರೋಲ್ ಪೈಪಿನ ಎಂಜಿನಿಯರಂತೆ, ಹೌದಾ ಎಂದು ಕೇಳಿದರು. ಆಮೇಲೆ ಇಬ್ಬರೂ ಪೈಪುಗಳ ಬಗ್ಗೆ ಮಾತಾಡಿದರು. ಆ ವಿಮಾನದ ರೆಕ್ಕೆಗಳಲ್ಲಿ ಪೆಟ್ರೋಲ್ ತುಂಬಿರುತ್ತಿತ್ತು, ಒಳಗೆ ಯಾವಾಗಲೂ ಅದರ ವಾಸನೆ ಎಂದರು ವಾಲ್ಟರ್.

"ಆವಿ ಹೊರಗೆ ಹೋಗೋದಕ್ಕೆ ಏನು ಮಾಡ್ತಿದ್ರಿ?" ನಾಗೇಂದ್ರ ಮುಂದಕ್ಕೆ ಬಾಗಿದ್ದರು. ಟೋಪಿ ಕೈಗೆ ಬಂದಿತ್ತು.

"ಬಾಂಬು ಬೀಳಿಸುವ ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಹಾರಿಸುತ್ತಿದ್ದೆವು. ಗಾಳಿಯಾಡಲಿ ಅಂತ."

"ಅಷ್ಟು ಎತ್ತರದಲ್ಲಾ? ಚಳಿ?"

"ಕೊಲ್ಲುವ ಚಳಿ. ಒಂದು ದಿನ ವಾಪಸ್ ಬರುವಾಗ ಹಿಂದೆ ಇದ್ದ ಗನ್ನರ್ ಹುಡುಗನ ಕಾಲು ಮರಗಟ್ಟಿತು. ನಮ್ಮ ವಿಮಾನದ ಎಂಜಿನಿಯರ್ ಎಡ್ಡಿ ಅಂತ. ಹುಡುಗನ ಮೇಲೆ ಕನಿಕರ ಬಂದು ಬಾಗಿಲು ಮುಚ್ಚಿದ."

ನಾಗೇಂದ್ರ ಮುಖ ತಿರುಗಿಸಿದರು. ಗೋಡೆಯ ಟಿವಿಯಲ್ಲಿ ಯಾರೋ ಕೇಕ್ ಮಾಡುತ್ತಿದ್ದರು.

"ಆವಿ ಒಳಗೇ ತುಂಬಿತು. ಎಲ್ಲಿಂದ ಕಿಡಿ ಬಂತೋ ಗೊತ್ತಿಲ್ಲ," ಎಂದು ವಾಲ್ಟರ್ ಮುಂದುವರಿಸಿದರು. "ಪ್ಯಾರಾಶೂಟ್ ಬೆನ್ನಿಗೆ ಕಟ್ಟಿಕೊಂಡು ಕೂರಲು ಜಾಗ ಇರಲಿಲ್ಲ, ಪಕ್ಕದಲ್ಲಿಟ್ಟಿರುತ್ತಿದ್ದೆವು. ಎದೆಗೆ ಸಿಕ್ಕಿಸಿಕೊಳ್ಳಲು ದಪ್ಪ ಗ್ಲೌಸ್ ಅಡ್ಡ ಬಂತು, ಕಿತ್ತೆಸೆದೆ. ಕೈ ಸುಟ್ಟದ್ದು ಆಗ. ಹಾರಲು ಬಾಗಿಲು ಬೇಕಲ್ಲ. ಬೆಂಕಿಯ ಪಕ್ಕದಲ್ಲಿ ನಿಂತು, ಕೈಯಿಂದ ತಿರುಗಿಸಿ ತಿರುಗಿಸಿ ಅದನ್ನು ತೆರೆದವನೂ ಎಡ್ಡಿಯೇ. ಹತ್ತು ಜನರಲ್ಲಿ ಆರು ಜನ ಹಾರಿದೆವು. ಆ ಹುಡುಗ ಹಾರಲಿಲ್ಲ."

ವಾಲ್ಟರ್ ಅವರ ಮಗಳು ನೀರಿನ ಲೋಟ ಕೊಟ್ಟಳು.

"ಇಟಲಿಯ ಆಸ್ಪತ್ರೆಯಲ್ಲಿ ಎಡ್ಡಿ ಪಕ್ಕದ ಮಂಚ. ಅವನ ಕಾಲು ಮುರಿದಿತ್ತು. ನರ್ಸ್‌ಗಳು ಕಡಿಮೆ. ನನ್ನ ಕೈಗಳನ್ನು ಉಪ್ಪುನೀರಿನಲ್ಲಿ ಅದ್ದಿ, ಬೆರಳು ಮಡಚುವ ಕೆಲಸ ಅವನದು. ಮಂಚದಿಂದ ವಾಲಿಕೊಂಡು ದಿನಾ ಒತ್ತುತ್ತಿದ್ದ. ನಾನು ಅವನ ತಾಯಿಯನ್ನೂ ಬಿಡದೆ ಬೈಯುತ್ತಿದ್ದೆ. ಒಂದು ದಿನ ಅದನ್ನೂ ಹೇಳಿ ಬೈದೆ. ಬಾಗಿಲು ಮುಚ್ಚಿದವನು ನೀನು, ಅಂತ."

"ಅದಕ್ಕೆ ಅವನೇನಂದ?" ನಾಗೇಂದ್ರರ ಧ್ವನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"'ಹೌದು' ಅಂದ. ಮತ್ತೆ ಒತ್ತಿದ."

ವಾಲ್ಟರ್ ತಮ್ಮ ಬಲಗೈ ಚಾಚಿದರು. ಹಿಂಬದಿಯ ಚರ್ಮ ಹೊಳೆಯುತ್ತಿತ್ತು, ರೋಮವಿರಲಿಲ್ಲ. ನಿಧಾನವಾಗಿ ಮುಷ್ಟಿ ಕಟ್ಟಿದರು. ಪೂರ್ತಿ ಕಟ್ಟಿತು. ಮತ್ತೆ ಬಿಚ್ಚಿ, "ಹಿಡಿ. ಒತ್ತು," ಎಂದರು ನಾಗೇಂದ್ರರಿಗೆ.

ನಾಗೇಂದ್ರ ಎರಡೂ ಕೈಯಿಂದ ಹಿಡಿದು ಒತ್ತಿದರು.

"ಇದು ಕೈಕುಲುಕುವುದು. ಒತ್ತು ಅಂದೆ."

ಮತ್ತೆ ಒತ್ತಿದರು.

"ಇನ್ನೂ. ನಾನು ನೂರು ವರ್ಷದ ಮುದುಕ, ಮುರಿಯಲಿಲ್ಲ. ಅವಳು ಮುರಿಯುತ್ತಾಳಾ? ಮುಖ ನೋಡಬೇಡ. ಬೆರಳು ನೋಡು. ಹಾಂ. ಈಗ ಸರಿ."

ಹಿಂತಿರುಗುವಾಗ ಹೆದ್ದಾರಿಯಲ್ಲಿ ನಾಗೇಂದ್ರ ನಮ್ಮ ಎಕ್ಸಿಟ್ ತಪ್ಪಿಸಿ ಮುಂದೆ ಹೋದರು. ಬಳಸಿಕೊಂಡು ಮನೆಗೆ ಬಂದೆವು.

ಮಾರನೇ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಅವರು ಊಟದ ಮೇಜಿನ ಮೇಲೆ ಒಂದು ಟವೆಲ್ ಹಾಸಿದರು. ನನ್ನ ಗ್ಲೌಸ್ ಬಿಚ್ಚಿ, ಕೈಗೆ ಕ್ರೀಮ್ ಸವರಿದರು. "ಬೈಯೋದಾದ್ರೆ ಬೈ. ಪರವಾಗಿಲ್ಲ," ಎಂದು ಒತ್ತತೊಡಗಿದರು. ನನ್ನ ಮುಖ ನೋಡಲಿಲ್ಲ.

ಆ ನೋವನ್ನು ವಿವರಿಸುವುದಿಲ್ಲ, ಗೊತ್ತಿದ್ದವರಿಗೆ ಗೊತ್ತು. ರೀ, ಬಿಡ್ರೀ ಎಂದೆ. ಬಿಡಲಿಲ್ಲ. ಮದುವೆಯಾದ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಏಕವಚನದಲ್ಲಿ ಕರೆಯದವಳು, "ಬಿಡೋ ಪಾಪಿ!" ಎಂದು ಕಿರುಚಿದೆ.

"ಹೂಂ," ಎಂದರು. ಮತ್ತೆ ಒತ್ತಿದರು.

"ಯಾವ ಜನ್ಮದ ಸೇಡೋ ಇದು, ಬಿಡೋ!"

"ಹೂಂ. ಇನ್ನೊಂದೇ ಸಲ."

ಮೇಲಿಂದ ಅನಘಾ ಕೂಗಿದಳು. "ಆರ್ ಯು ಗೈಸ್ ಓಕೆ?"

"ವಿ ಆರ್ ಫೈನ್!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಆಗ ನೋಡಿದೆ. ಅವರ ಕಣ್ಣೀರು ಮೂಗಿನ ತುದಿಯಿಂದ ಟವೆಲ್ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲು ಅವರ ಕೈ ಖಾಲಿ ಇರಲಿಲ್ಲ. ನನ್ನ ಎಡಗೈ ಖಾಲಿ ಇತ್ತು. ಒರೆಸಿದೆ.

ಅಂದಿನಿಂದ ದಿನವೂ ಹಾಗೇ ನಡೆಯಿತು. ಬೈಗುಳ ಮುಗಿದು ಹೊಸದು ಹುಡುಕಬೇಕಾಯಿತು. ಆ ತಿಂಗಳು ನಾಗೇಂದ್ರ ಪ್ರತಿ ವಾರ ಒಳಗೆ ಬಂದು ಕೆಲ್ಲಿಯ ಪಕ್ಕದಲ್ಲೇ ನಿಂತರು. ಮಾರ್ಚ್ ಕೊನೆಗೆ ಅವಳು ಅಳತೆ ತೆಗೆದು, ಮತ್ತೊಮ್ಮೆ ತೆಗೆದು, ಸರ್ಜನ್ ಅನ್ನು ಕರೆದಳು. ಸರ್ಜನ್ ನನ್ನ ಬೆರಳುಗಳನ್ನು ತಾನೇ ಮಡಚಿ ನೋಡಿ, ಆಪರೇಷನ್ ಸದ್ಯಕ್ಕೆ ಬೇಡ, ಈಗ ಮಾಡುತ್ತಿರುವುದನ್ನು ನಿಲ್ಲಿಸಬೇಡಿ ಎಂದಳು. ವಿಮಲಕ್ಕನಿಗೆ ಫೋನ್ ಮಾಡಿದವರು ನಾಗೇಂದ್ರ. ಸ್ಪೀಕರ್ ಅವರೇ ಹಾಕಿದರು.

"ಅಕ್ಕಾ, ಕೈ ಮಡಚ್ತಿದೆ."

"ನಾಗೇಂದ್ರ, ಅವತ್ತು ನಾನು ಹಾಗೆ ಕೇಳಬಾರದಿತ್ತು," ಎಂದಳು ಅಕ್ಕ.

"ಕೇಳಿದ್ದು ತಪ್ಪಲ್ಲ ಅಕ್ಕಾ. ಯಾರಾದ್ರೂ ಕೇಳಬೇಕು. ಆದ್ರೆ ಇವಳು ಈಗ ನನ್ನನ್ನ ಬೈಯೋದು ಕೇಳಿದ್ರೆ ನೀವು ನನ್ನ ಕಡೆ ಸೇರ್ಕೋತೀರ."

ವಾಲ್ಟರ್ ಅವರ ನೂರನೇ ಹುಟ್ಟುಹಬ್ಬಕ್ಕೆ ಮೂವರೂ ಹೋಗಿದ್ದೆವು. ಅವರು ನಾಗೇಂದ್ರರ ಜೊತೆ ಪೈಪುಗಳ ಬಗ್ಗೆಯೇ ಮಾತಾಡಿದರು. ಮರುವರ್ಷ ಚಳಿಗಾಲದಲ್ಲಿ, ಮನೆಯಲ್ಲಿ, ನಿದ್ರೆಯಲ್ಲಿ ತೀರಿಕೊಂಡರೆಂದು ಮಗಳು ತಿಳಿಸಿದಳು. ಕಾಯುವ ಕೋಣೆಗೆ ಈಗ ಗುರುವಾರ ನಾನು ಹೋಗುತ್ತೇನೆ. ರೋಗಿಗಳ ಜೊತೆ ನಾನು ಮಾತಾಡುತ್ತೇನೆ. ಅವರ ಜೊತೆ ಬಂದವರನ್ನು ನಾಗೇಂದ್ರ ಕಾಫಿಗೆ ಕರೆದೊಯ್ಯುತ್ತಾರೆ.

ಕಳೆದ ವಾರದ ಅಳತೆ ಹೀಗಿದೆ. ಬಲಗೈಯ ತೋರುಬೆರಳು, ನಡುಬೆರಳು, ಉಂಗುರ ಬೆರಳು ಅಂಗೈ ಮುಟ್ಟುತ್ತವೆ. ಕಿರುಬೆರಳು ಇನ್ನೂ ಮುಟ್ಟುವುದಿಲ್ಲ. ಇವತ್ತು ಬೆಳಿಗ್ಗೆಯೂ ನಾಗೇಂದ್ರ ಅದನ್ನು ಒತ್ತಿದರು.